ವಿಂಡೋಸ್ 10 ಎಲ್ಲಿಗೂ ಹೋಗಿಲ್ಲ, ಫಾರ್ಮ್ಯಾಟ್ ಮಾಡಬೇಡಿ

ಫೋನ್ ಎತ್ತಿದ ಕೂಡಲೇ ಕೇಳುವ ಮಾತು ಹೆಚ್ಚುಕಮ್ಮಿ ಇದೇ. "ಸಾರ್, ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇತ್ತು. ಪಕ್ಕದಲ್ಲಿ 7 ಹಾಕ್ದೆ. ಈಗ ಬರೀ 7 ಬರ್ತಿದೆ, 10 ಹೋಗ್ಬಿಡ್ತು. ಪೂರ್ತಿ ಫಾರ್ಮ್ಯಾಟ್ ಮಾಡಿ ಮೊದಲಿಂದ ಹಾಕ್ಲಾ?"

ಬೇಡ. ಸ್ವಲ್ಪ ಹೊತ್ತು ಏನೂ ಮುಟ್ಟಬೇಡಿ. ನಿಮ್ಮ ವಿಂಡೋಸ್ 10 ಎಲ್ಲಿಗೂ ಹೋಗಿಲ್ಲ. ಫೋಟೋ, ಟ್ಯಾಲಿ ಲೆಕ್ಕ, ಅರ್ಧ ಮುಗಿದ ಪುಸ್ತಕದ ಫೈಲು, ಎಲ್ಲವೂ ಇದ್ದಲ್ಲೇ ಇವೆ. ತಪ್ಪಿರುವುದು ಅಲ್ಲಿಗೆ ಹೋಗುವ ದಾರಿ ಮಾತ್ರ. ಬಹಳಷ್ಟು ಸಲ ಒಂದು ಪೆನ್‌ಡ್ರೈವ್ ಮತ್ತು ಒಂದು ಕಮಾಂಡ್ ಇದ್ದರೆ ಅದು ಸರಿಹೋಗುತ್ತದೆ.

ಇಷ್ಟು ಹೇಳಿದರೂ ಜನ ನಂಬುವುದಿಲ್ಲ. ಪರದೆಯ ಮೇಲೆ ಕಾಣದೇ ಇದ್ದದ್ದು ಇಲ್ಲ ಅಂತಲೇ ಅವರ ಲೆಕ್ಕ. ಹಾಗಾಗಿ ಈ ಒಂದು ವಿಷಯವನ್ನು ಬಿಡಿಸಿ ಬರೆಯುತ್ತಿದ್ದೇನೆ. ಪಾರ್ಟಿಷನ್ (ಡಿಸ್ಕನ್ನು ಹಂಚಿದ ಭಾಗ) ಹೇಗೆ ಮಾಡಬೇಕು, ಪೆನ್‌ಡ್ರೈವ್ ಹೇಗೆ ತಯಾರಿಸಬೇಕು ಅನ್ನುವುದೆಲ್ಲ ಈಗ ಶಾಲೆ ಮಕ್ಕಳಿಗೂ ಗೊತ್ತು, ಅದನ್ನು ಬಿಡುತ್ತೇನೆ.

ಹಳೆ ವಿಂಡೋಸ್ ಯಾಕೆ ಬೇಕು ಅಂತ ನಾನು ಯಾರನ್ನೂ ಬೈಯುವುದಿಲ್ಲ. ಬೇಕಾಗುತ್ತದೆ. ಗದಗ-ಬೆಟಗೇರಿಯಂಥ, ಮೊದಲಿಂದಲೂ ಮುದ್ರಣಕ್ಕೆ ಹೆಸರಾದ ಊರುಗಳಲ್ಲಿ ಪ್ರೆಸ್ ನಡೆಸುವವರನ್ನು ಕೇಳಿ. ಕನ್ನಡದ ಸಣ್ಣ ಪ್ರೆಸ್‌ಗಳಲ್ಲಿ ಇವತ್ತಿಗೂ ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರ್ ಓಡುತ್ತಿದೆ. ಅದರ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ) ಗೊತ್ತಿಲ್ಲ. ಲಗ್ನಪತ್ರಿಕೆ, ಸಂಘದ ವಾರ್ಷಿಕ ವರದಿ, ಜಾತ್ರೆ ಕರಪತ್ರ, ಎಲ್ಲವೂ ಹಳೆ ಕಾಲದ ನುಡಿ ಅಥವಾ ಶ್ರೀಲಿಪಿ ಫಾಂಟ್‌ನಲ್ಲಿ ಕೂಡಿಸಿದ ಫೈಲುಗಳು. ಪೇಜ್‌ಮೇಕರ್ ಬದಲಿಗೆ ಬಂದ ಅಡೋಬಿಯ ಇನ್‌ಡಿಸೈನ್ ಸಿಎಸ್6 ಆವೃತ್ತಿಯವರೆಗೆ ಪೇಜ್‌ಮೇಕರ್ ಫೈಲನ್ನು ತೆರೆಯುತ್ತಿತ್ತು, ಆಮೇಲಿನವು ತೆರೆಯುವುದಿಲ್ಲ. ಪೇಜ್‌ಮೇಕರ್ ಒಮ್ಮೊಮ್ಮೆ ವಿಂಡೋಸ್ 10ರಲ್ಲೂ ನಡೆಯುತ್ತದೆ, ಇಲ್ಲ ಅನ್ನುವುದಿಲ್ಲ. ಕೈಕೊಡುವುದು ಡಾಂಗಲ್ (ಸಾಫ್ಟ್‌ವೇರ್ ತೆರೆಯಲು ಕಂಪ್ಯೂಟರ್‌ಗೆ ಸಿಕ್ಕಿಸುವ ಬೀಗದ ಕೀಲಿಯಂಥದ್ದು), ಹಳೆ ಪ್ರಿಂಟರ್, ಹಳೆ ಸ್ಕ್ಯಾನರ್. ಎಷ್ಟೋ ಹಳೆ ಯಂತ್ರಗಳಿಗೆ ಹೊಸ ವಿಂಡೋಸ್‌ನ ಡ್ರೈವರ್ (ಯಂತ್ರವನ್ನು ನಡೆಸುವ ಪ್ರೋಗ್ರಾಂ) ಯಾರೂ ಬರೆದಿಲ್ಲ. ಸಾವಿರಾರು ಫೈಲು ಕೂಡಿಟ್ಟ ಮನುಷ್ಯನಿಗೆ "ಹೊಸದಕ್ಕೆ ಬನ್ನಿ" ಅಂತ ಸುಮ್ನೆ ಉಪದೇಶ ಮಾಡಿದರೆ ಏನು ಪ್ರಯೋಜನ?

ಸರಿ, ಈಗ ಆ ಒಂದು ವಿಷಯ.

ಪವರ್ ಬಟನ್ ಒತ್ತಿದರೆ ಲ್ಯಾಪ್‌ಟಾಪ್ ನೇರವಾಗಿ ವಿಂಡೋಸ್‌ಗೆ ಹೋಗುವುದಿಲ್ಲ. ಮೊದಲು ಮದರ್‌ಬೋರ್ಡ್‌ನಲ್ಲೇ ಬರೆದಿಟ್ಟ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್, ಏಳುತ್ತದೆ. ಅದು ಡಿಸ್ಕಿನಲ್ಲಿ ಒಂದು ಪುಟ್ಟ ಪಾರ್ಟಿಷನ್ ಹುಡುಕುತ್ತದೆ. ಯುಇಎಫ್‌ಐ ಅನ್ನುವ ಹೊಸ ಬಗೆಯ ಫರ್ಮ್‌ವೇರ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಅನ್ನುತ್ತಾರೆ. ಸಾಮಾನ್ಯವಾಗಿ 100 ಅಥವಾ 260 ಎಂಬಿ ಇರುತ್ತದೆ. ಬಯಾಸ್ ಅನ್ನುವ ಹಳೆ ಬಗೆಯ ಫರ್ಮ್‌ವೇರ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಕೆಲಸ ಮಾಡುವುದು ಸಿಸ್ಟಮ್ ರಿಸರ್ವ್ಡ್ ಅನ್ನುವ ತುಂಡು. "ಇದೇನಿದು 100 ಎಂಬಿ, ಸುಮ್ನೆ ಜಾಗ ದಂಡ" ಅಂತ ಇನ್‌ಸ್ಟಾಲ್ ಮಾಡುವಾಗ ಇದನ್ನು ಅಳಿಸುವವರಿದ್ದಾರೆ. ಅಳಿಸಬೇಡಿ, ಇಡೀ ಲ್ಯಾಪ್‌ಟಾಪ್ ಶುರುವಾಗುವುದೇ ಅಲ್ಲಿಂದ.

ಆ ಪುಟ್ಟ ಪಾರ್ಟಿಷನ್ ಒಳಗೆ ಬೂಟ್ ಮ್ಯಾನೇಜರ್ ಅನ್ನುವ ಪ್ರೋಗ್ರಾಂ ಇದೆ. ಜೊತೆಗೆ ಬಿಸಿಡಿ ಅನ್ನುವ ಪಟ್ಟಿ. ಯಾವ ವಿಂಡೋಸ್ ಯಾವ ಪಾರ್ಟಿಷನ್‌ನಲ್ಲಿದೆ ಅಂತ ಆ ಪಟ್ಟಿಯಲ್ಲಿ ಬರೆದಿರುತ್ತದೆ. ಬೂಟ್ ಮ್ಯಾನೇಜರ್ ಪಟ್ಟಿ ಓದಿ, ನೀವು ಆರಿಸಿದ ವಿಂಡೋಸ್ ಅನ್ನು ಎಬ್ಬಿಸುತ್ತದೆ.

ಡಿಸ್ಕಿನಲ್ಲಿ ವಿಂಡೋಸ್ ಎರಡಿರಬಹುದು, ಮೂರಿರಬಹುದು. ಮಾಮೂಲಿಯಾಗಿ ಬೂಟ್ ಮ್ಯಾನೇಜರ್ ಮಾತ್ರ ಒಂದೇ. ಕೊನೆಗೆ ಯಾವ ವಿಂಡೋಸ್ ಹಾಕುತ್ತೀರೋ ಅದು ತನ್ನ ಬೂಟ್ ಮ್ಯಾನೇಜರನ್ನು ಮೊದಲಿದ್ದದ್ದರ ಮೇಲೆ ಬರೆದುಬಿಡುತ್ತದೆ. ನಿಮ್ಮನ್ನು ಕೇಳುವುದೂ ಇಲ್ಲ. ವಿಂಡೋಸ್ 7 ಬಂದದ್ದು 2009ರಲ್ಲಿ, ವಿಂಡೋಸ್ 10 ಬಂದದ್ದು 2015ರಲ್ಲಿ. 7ರ ಬೂಟ್ ಮ್ಯಾನೇಜರ್ ಬರೆದಾಗ 10 ಹುಟ್ಟಿರಲೇ ಇಲ್ಲ. ಅಪಾರ್ಟ್‌ಮೆಂಟ್ ಗೇಟಿಗೆ ಆರು ವರ್ಷದ ಹಿಂದಿನ ವಾಚ್‌ಮನ್ ವಾಪಸ್ ಬಂದ ಹಾಗೆ ಇದು. ಅವನು ಹೋದ ಮೇಲೆ ಬಂದ ಬಾಡಿಗೆಯವರು ಅವನಿಗೆ ಗೊತ್ತಿಲ್ಲ. ಅವರನ್ನು ಹುಡುಕಿಕೊಂಡು ಬಂದವರಿಗೆ "ಅಂಥವರು ಇಲ್ಲಿ ಯಾರೂ ಇಲ್ಲ" ಅನ್ನುತ್ತಾನೆ. ಅವರೋ ಮೂರನೇ ಮಹಡಿಯಲ್ಲಿ ಆರಾಮಾಗಿ ಊಟ ಮಾಡುತ್ತಿರುತ್ತಾರೆ.

ಕೆಲವು ಸಲ ಪಟ್ಟಿಯಲ್ಲಿ 10ರ ಹೆಸರು ಇರುತ್ತದೆ, ಆರಿಸಿದರೆ ಕಪ್ಪು ಪರದೆ ಬರುತ್ತದೆ. ವಿಂಡೋಸ್ ಶುರುಮಾಡುವ ವಿನ್‌ಲೋಡ್ ಫೈಲಿನ ಡಿಜಿಟಲ್ ಸಿಗ್ನೇಚರ್ ಪರಿಶೀಲಿಸಲು ಆಗಲಿಲ್ಲ ಅನ್ನುವ ಸಂದೇಶ, ಕೊನೆಯಲ್ಲಿ 428 ಇರುವ ಎರರ್ ನಂಬರ್. ಇದನ್ನು ನೋಡಿದವರು ವಿಂಡೋಸ್ 10 ಕೆಟ್ಟಿದೆ ಅಂತ ತೀರ್ಮಾನ ಮಾಡುತ್ತಾರೆ. ಈ ಸಂದರ್ಭದಲ್ಲಿ ಅದು ಕೆಟ್ಟಿರುವುದಿಲ್ಲ. ಹಳೆ ಬೂಟ್ ಮ್ಯಾನೇಜರ್‌ಗೆ ಹೊಸ ಫೈಲಿನ ಸಹಿ ಗುರುತಿಸಲು ಬರುವುದಿಲ್ಲ, ಅಷ್ಟೇ.

ತಿರುಗಾಮುರುಗಾ ಮಾಡಿ ನೋಡಿ. ಮೊದಲು 7, ಆಮೇಲೆ 10 ಹಾಕಿದರೆ ತೊಂದರೆಯೇ ಇಲ್ಲ. ಹೊಸ ಬೂಟ್ ಮ್ಯಾನೇಜರ್‌ಗೆ ತನಗಿಂತ ಹಿಂದಿನವೆಲ್ಲ ಗೊತ್ತು. ಇನ್‌ಸ್ಟಾಲ್ ಆಗುವಾಗಲೇ 7 ಇರುವುದನ್ನು ಕಂಡು ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಹಳೆಯದು ಮೊದಲು, ಹೊಸದು ಆಮೇಲೆ ಅನ್ನುವ ನಿಯಮ ಬಂದದ್ದು ಇದಕ್ಕೇ. ಆದರೆ ಅಂಗಡಿಯಿಂದ ತಂದ ಲ್ಯಾಪ್‌ಟಾಪ್‌ನಲ್ಲಿ ಹೊಸದು ಮೊದಲೇ ಇರುತ್ತದೆ ಅಲ್ವಾ? ಅದನ್ನು ಕಿತ್ತು ಮತ್ತೆ ಹಾಕುವ ಅಗತ್ಯವಿಲ್ಲ. ಹಳೆಯದನ್ನು ಬೇರೆ ಪಾರ್ಟಿಷನ್‌ಗೆ ಹಾಕಿ. ಮುಗಿದ ಮೇಲೆ ಹೊಸದರ ಬೂಟ್ ಫೈಲುಗಳನ್ನು ಮಾತ್ರ ಮತ್ತೆ ಬರೆಸಿ.

ವಿಂಡೋಸ್ ಪಕ್ಕದಲ್ಲಿ ಉಬುಂಟು ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿದವರಿಗೆ ಈ ಗೋಳು ಕಡಿಮೆ. ಇಎಫ್‌ಐ ಪಾರ್ಟಿಷನ್‌ನಲ್ಲಿ ಉಬುಂಟು ತನ್ನದೇ ಹೆಸರಿನ ಫೋಲ್ಡರ್ ಮಾಡಿಕೊಳ್ಳುತ್ತದೆ. ಎರಡು ವಿಂಡೋಸ್‌ಗಳು ಮೈಕ್ರೋಸಾಫ್ಟ್ ಅನ್ನುವ ಒಂದೇ ಫೋಲ್ಡರ್‌ಗೆ, ಒಂದೇ ಹೆಸರಿನ ಫೈಲ್ ಬರೆಯುತ್ತವೆ. ಒಂದೇ ಮನೆತನದವು ಜಗಳ ಆಡುವುದು ಇಲ್ಲಿ.

ಸರಿಮಾಡುವ ಕ್ರಮ ಹೇಳುತ್ತೇನೆ. ಬೇರೆ ಕಂಪ್ಯೂಟರ್‌ನಲ್ಲಿ ವಿಂಡೋಸ್ 10ರ ಪೆನ್‌ಡ್ರೈವ್ ಮಾಡಿಕೊಳ್ಳಿ. 10 ಮೊದಲು ಯುಇಎಫ್‌ಐನಲ್ಲಿ ಬೂಟ್ ಆಗುತ್ತಿದ್ದರೆ ಪೆನ್‌ಡ್ರೈವ್ ಕೂಡ ಯುಇಎಫ್‌ಐನಲ್ಲೇ ಬೂಟ್ ಆಗಬೇಕು. ಇನ್‌ಸ್ಟಾಲ್ ಪರದೆ ಬಂದಾಗ ಶಿಫ್ಟ್ ಹಿಡಿದು ಎಫ್10 ಒತ್ತಿ. ಕಪ್ಪು ಕಮಾಂಡ್ ಕಿಟಕಿ ತೆರೆಯುತ್ತದೆ. ಇಲ್ಲಿ ಸಿ ಅಂತ ಕಾಣುವ ಡ್ರೈವ್ ನಿಮ್ಮ ಮಾಮೂಲಿ ಸಿ ಆಗಿರಲಿಕ್ಕಿಲ್ಲ. ಡ್ರೈವ್ ಅಕ್ಷರಗಳು ಇಲ್ಲಿ ಅದಲುಬದಲಾಗಿರಬಹುದು. ಒಳಗೇನಿದೆ ಅಂತ ತೋರಿಸುವ ಡಿಐಆರ್ (dir) ಕಮಾಂಡ್ ಕೊಟ್ಟು ಒಂದೊಂದನ್ನೇ ತೆರೆದು ನೋಡಿ, 10 ಯಾವುದರಲ್ಲಿದೆ ಅಂತ ಖಚಿತ ಮಾಡಿಕೊಳ್ಳಿ. ಈ ಹೊತ್ತಿಗೇ ಎಷ್ಟೋ ಜನರ ಜೀವ ಬಂದ ಹಾಗಾಗುತ್ತದೆ, ಯಾಕೆಂದರೆ ತಮ್ಮ ಫೋಲ್ಡರ್‌ಗಳು ಅಲ್ಲೇ ಕಾಣುತ್ತವೆ. ಆಮೇಲೆ ಪಾರ್ಟಿಷನ್ ನೋಡಿಕೊಳ್ಳುವ ಡಿಸ್ಕ್‌ಪಾರ್ಟ್ (diskpart) ಕಮಾಂಡ್‌ನಲ್ಲಿ ಇಎಫ್‌ಐ ಪಾರ್ಟಿಷನ್‌ಗೆ ಒಂದು ಅಕ್ಷರ ಕೊಡಿ. ಅದರಿಂದ ಹೊರಗೆ ಬಂದು ಬಿಸಿಡಿಬೂಟ್ (bcdboot) ಅನ್ನುವ ಕಮಾಂಡ್ ಕೊಡಿ. ಅದಕ್ಕೆ ಎರಡು ವಿಷಯ ಹೇಳಬೇಕು: 10ರ ವಿಂಡೋಸ್ ಫೋಲ್ಡರ್ ಎಲ್ಲಿದೆ, ಬೂಟ್ ಫೈಲು ಬರೆಯಬೇಕಾದ ಪಾರ್ಟಿಷನ್ ಯಾವುದು. ಒಂದು ಸಾಲಿನ ಉತ್ತರ ಬರುತ್ತದೆ. ರೀಸ್ಟಾರ್ಟ್ ಮಾಡಿ. ಹಳೆ 7ರ ಹೆಸರು ಸಾಮಾನ್ಯವಾಗಿ ಮೆನುವಿನಲ್ಲಿ ಉಳಿದಿರುತ್ತದೆ, ಇಲ್ಲದಿದ್ದರೆ ಆಮೇಲೆ ಸೇರಿಸಬಹುದು.

ಪ್ರೆಸ್ ಮಾಲೀಕರೊಬ್ಬರ ಮಗ ಫಾರ್ಮ್ಯಾಟ್ ಪರದೆ ತೆರೆದಿಟ್ಟುಕೊಂಡೇ ನನಗೆ ಫೋನ್ ಮಾಡಿದ್ದ. ಮದುವೆ ಸೀಸನ್, ಪತ್ರಿಕೆಗೆ ಮುಂಗಡ ಕೊಟ್ಟವರು ಅಂಗಡಿ ಮುಂದೆ ನಿಂತಿದ್ದರು. ವಿಡಿಯೋ ಕಾಲ್‌ನಲ್ಲಿ ಅವನ ಕೈಯಲ್ಲೇ ಟೈಪ್ ಮಾಡಿಸಿದೆ. ನೀಲಿ ಬಣ್ಣದ ಮೆನು ಬಂತು, ಎರಡೂ ಹೆಸರು ಕಂಡವು. ಹುಡುಗ ಜಾಣ, ಕೈ ನಡುಗುತ್ತಿದ್ದರೂ ಒಂದಕ್ಷರ ತಪ್ಪಲಿಲ್ಲ. ಆಮೇಲೆ ಆ ಬೀದಿಯ ಉಳಿದ ಪ್ರೆಸ್‌ಗಳಿಗೂ ಅವನೇ ಮಾಡಿಕೊಡುತ್ತಿದ್ದಾನಂತೆ. ಕೇಳಿ ಬಹಳ ಖುಷಿಯಾಯಿತು.

ಇನ್ನೊಬ್ಬಳು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಕಾಲೇಜಿನ ಲ್ಯಾಬ್ ಕಿಟ್ಟಿನ ಸಾಫ್ಟ್‌ವೇರ್‌ಗೆ 7 ಬೇಕಾಗಿತ್ತು. 10 ಕಾಣಲಿಲ್ಲ. ಹಾಸ್ಟೆಲ್‌ನಲ್ಲಿ ಯಾರೋ "ಎರಡೂ ತೆಗೆದು ಹೊಸದಾಗಿ ಹಾಕು" ಅಂದರು. ಹಾಕಿದಳು. ಕೊನೆ ವರ್ಷದ ಪ್ರಾಜೆಕ್ಟ್ ಆ ಪಾರ್ಟಿಷನ್‌ನಲ್ಲಿತ್ತು. ಹಳೆ ಹಾರ್ಡ್ ಡಿಸ್ಕ್ ಆಗಿದ್ದರೆ ಕ್ವಿಕ್ ಫಾರ್ಮ್ಯಾಟ್ ಆದ ಮೇಲೂ ರಿಕವರಿ ಸಾಫ್ಟ್‌ವೇರ್‌ನಿಂದ ಸುಮಾರು ತೆಗೆಯಬಹುದಿತ್ತು. ಅವಳದ್ದು ಎಸ್‌ಎಸ್‌ಡಿ, ಅಂದರೆ ಚಿಪ್‌ನಲ್ಲಿ ಬರೆದಿಡುವ ಹೊಸ ಬಗೆಯ ಡಿಸ್ಕು. ಅದು ಹಾಗಲ್ಲ. ಫಾರ್ಮ್ಯಾಟ್ ಆಗುವಾಗಲೇ "ಈ ಜಾಗ ಈಗ ಖಾಲಿ" ಅನ್ನುವ ಟ್ರಿಮ್ ಕಮಾಂಡ್ ಡಿಸ್ಕಿಗೆ ಹೋಗುತ್ತದೆ, ಡಿಸ್ಕು ತಾನಾಗಿಯೇ ಒರೆಸಿಕೊಳ್ಳುತ್ತದೆ. ಆ ಹುಡುಗಿಗೆ ನನ್ನಿಂದ ಏನೂ ಮಾಡಿಕೊಡಲು ಆಗಲಿಲ್ಲ.

ಫಾರ್ಮ್ಯಾಟ್‌ಗಿಂತ ಕೆಟ್ಟದ್ದು ಇನ್ನೊಂದಿದೆ. 7ರ ಇನ್‌ಸ್ಟಾಲರ್ ಲೆಗಸಿ ಮೋಡ್‌ನಲ್ಲಿ (ಹಳೆ ಬಯಾಸ್ ರೀತಿಯಲ್ಲಿ) ಬೂಟ್ ಆಗಿದ್ದರೆ, ಡಿಸ್ಕ್ ಜಿಪಿಟಿ (ಯುಇಎಫ್‌ಐಗೆ ತಕ್ಕ ಪಾರ್ಟಿಷನ್ ಪಟ್ಟಿ) ಶೈಲಿಯದು, ಇಲ್ಲಿ ಹಾಕಲು ಆಗುವುದಿಲ್ಲ ಅನ್ನುತ್ತದೆ. ಆಗ ಜನ ವಿಡಿಯೋ ಹುಡುಕುತ್ತಾರೆ. ವಿಡಿಯೋದಲ್ಲಿ ಡಿಸ್ಕ್‌ಪಾರ್ಟ್ ತೆರೆದು ಕ್ಲೀನ್ ಅಂತ ಟೈಪ್ ಮಾಡಲು ಹೇಳುತ್ತಾರೆ. ಕ್ಲೀನ್ ಅಂದರೆ ಕಸ ಗುಡಿಸುವುದಲ್ಲ. ಆ ಡಿಸ್ಕಿನ ಎಲ್ಲಾ ಪಾರ್ಟಿಷನ್‌ಗಳ ದಾಖಲೆ ಒಂದೇ ಏಟಿಗೆ ಹೋಗುತ್ತದೆ. "ಖಚಿತವೇ?" ಅಂತ ಒಂದು ಸಲವೂ ಕೇಳುವುದಿಲ್ಲ. ಅಲ್ಲಿ ಮಾಡಬೇಕಾದದ್ದು 64 ಬಿಟ್‌ನ 7 ತೆಗೆದುಕೊಂಡು ಯುಇಎಫ್‌ಐ ಮೋಡ್‌ನಲ್ಲಿ ಬೂಟ್ ಮಾಡುವುದು. ಡಿಸ್ಕನ್ನು ಬದಲಾಯಿಸುವುದಲ್ಲ.

"ಡೇಟಾ ಅಲ್ಲೇ ಇದೆ" ಅನ್ನುವ ನನ್ನ ಮಾತಿಗೆ ಒಂದು ಷರತ್ತಿದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ, ಅದರಲ್ಲೂ ವಿಂಡೋಸ್ 11 ಇರುವವುಗಳಲ್ಲಿ, ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದಾಗ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರಬಹುದು, ಅಂದರೆ ಕೀ ಇಲ್ಲದೆ ಓದಲು ಬಾರದ ಹಾಗೆ ಬೀಗ ಬಿದ್ದಿರಬಹುದು. ಬೀಗ ಹಾಕುವ ಬಿಟ್‌ಲಾಕರ್‌ನ ಹೆಸರೇ ನೀವು ಕೇಳಿರಲಿಕ್ಕಿಲ್ಲ, ಆದರೂ ಅದು ನಡೆಯುತ್ತಿರುತ್ತದೆ. ಬಯಾಸ್‌ಗೆ (ಹೊಸ ಲ್ಯಾಪ್‌ಟಾಪ್‌ನಲ್ಲೂ ಫರ್ಮ್‌ವೇರ್ ಸೆಟ್ಟಿಂಗ್‌ಗೆ ಹೀಗೇ ಅನ್ನುತ್ತಾರೆ) ಹೋಗಿ, ನಂಬಿಕೆಯ ಸಹಿ ಇಲ್ಲದ ಬೂಟ್ ಫೈಲನ್ನು ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಿದರೆ, ಮುಂದಿನ ಸಲ 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಇಲ್ಲದಿದ್ದರೆ ಡೇಟಾ ಡಿಸ್ಕಿನಲ್ಲೇ ಇರುತ್ತದೆ, ಆದರೆ ಯಾರಿಗೂ ಸಿಗುವುದಿಲ್ಲ. ನನಗೂ ಇಲ್ಲ. ಹಾಗಾಗಿ ಬಯಾಸ್ ಮುಟ್ಟುವ ಮೊದಲು ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಕೀ ಇದೆಯಾ ನೋಡಿ, ಕಾಗದದ ಮೇಲೆ ಬರೆದಿಡಿ. ಇನ್ನೂ ಒಳ್ಳೆಯದು, ಎನ್‌ಕ್ರಿಪ್ಷನ್ ಪೂರ್ತಿ ಆಫ್ ಮಾಡಿ, ಅದು ಮುಗಿಯುವವರೆಗೆ ಕಾದು, ಬ್ಯಾಕಪ್ ತೆಗೆದು ಮುಂದುವರಿಯಿರಿ. ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಇರಲಿ. ಅದು ಆನ್ ಇದ್ದರೆ ಹೊಸ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ. ಅಂಥ ಹೊತ್ತಲ್ಲಿ ಹಳೆಯದು ಆ ಪಾರ್ಟಿಷನ್‌ಗೆ ಏನಾದರೂ ಬರೆದರೆ ಫೈಲುಗಳು ಕೆಡಬಹುದು.

ಎಲ್ಲಾ ಲ್ಯಾಪ್‌ಟಾಪ್‌ಗೂ 7 ಹಿಡಿಸುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. 7ರ ಮೂಲ ಇನ್‌ಸ್ಟಾಲರ್‌ನಲ್ಲಿ ಯುಎಸ್‌ಬಿ 3.0 ಡ್ರೈವರ್ ಇಲ್ಲ, ಎನ್‌ವಿಎಂಇ (ಹೊಸ ಬಗೆಯ ವೇಗದ ಎಸ್‌ಎಸ್‌ಡಿ) ಡ್ರೈವರ್ ಇಲ್ಲ. ಇಂಟೆಲ್ 6ನೇ ತಲೆಮಾರಿನ ಪ್ರೊಸೆಸರ್‌ನಿಂದೀಚೆಗೆ ಯುಎಸ್‌ಬಿ ಮೌಸ್ ಸತ್ತ ಹಾಗಿರುತ್ತದೆ, ಎನ್‌ವಿಎಂಇ ಡಿಸ್ಕ್ ಆಗಿದ್ದರೆ ಕಾಣುವುದೇ ಇಲ್ಲ. ಡ್ರೈವರ್‌ಗಳನ್ನು ಮೊದಲೇ ಸೇರಿಸಿಕೊಂಡರೆ ಇದು ದಾಟುತ್ತದೆ. ಆದರೆ ಬಯಾಸ್‌ನಲ್ಲಿ ಸಿಎಸ್‌ಎಂ (ಹಳೆ ಬಯಾಸ್ ರೀತಿಯನ್ನು ಅನುಕರಿಸುವುದು) ಅನ್ನುವ ಆಯ್ಕೆಯೇ ಇಲ್ಲದ ಹೊಸ ಲ್ಯಾಪ್‌ಟಾಪ್‌ನಲ್ಲಿ 7 'ಸ್ಟಾರ್ಟಿಂಗ್ ವಿಂಡೋಸ್' ಅನ್ನುವಲ್ಲೇ ನಿಂತುಬಿಡುತ್ತದೆ. ಅಂಥದ್ದರ ಜೊತೆ ಗುದ್ದಾಡಬೇಡಿ. ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ 7 ಓಡಿಸಿ. 2 ಜಿಬಿ ರ‍್ಯಾಮ್ ಕೊಟ್ಟರೆ ಪೇಜ್‌ಮೇಕರ್‌ಗೆ ಧಾರಾಳ. ಯುಎಸ್‌ಬಿ ಡಾಂಗಲ್ ಕೂಡ ಬಹುಪಾಲು ಒಳಗೆ ಸಿಗುತ್ತದೆ. ಬೂಟ್ ಮ್ಯಾನೇಜರ್ ಗೊಡವೆಯೇ ಇಲ್ಲ. ಪ್ಯಾರಲಲ್ ಪೋರ್ಟಿನ ಹಳೆ ಡಾಂಗಲ್ ಇದ್ದವರಿಗೆ ಮಾತ್ರ ಇದು ಕಷ್ಟ. ಅವರು ಒಂದು ಹಳೆ ಡೆಸ್ಕ್‌ಟಾಪ್ ಉಳಿಸಿಕೊಳ್ಳುವುದೇ ವಾಸಿ.

7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ. ಹಳೆಯದರಲ್ಲಿ ಇಂಟರ್ನೆಟ್ ಆಫ್ ಇರಲಿ. ಬ್ಯಾಂಕ್, ಜಿಎಸ್‌ಟಿ, ಇಮೇಲ್ ಎಲ್ಲವೂ ಹೊಸದರಲ್ಲೇ ಮಾಡಿ.

ಇಷ್ಟಾದರೂ 10 ಕಾಣದಿದ್ದರೆ ಹತ್ತಿರದ ರಿಪೇರಿ ಅಂಗಡಿಗೆ ಹೋಗಿ. ಹೋಗುವ ಮೊದಲು ನೀವಾಗಿ ಇನ್ನೊಂದು ಸಲ ಇನ್‌ಸ್ಟಾಲ್ ಮಾಡಬೇಡಿ. ರಿಕವರಿ ಕೀ ಬರೆದ ಚೀಟಿ ಜೊತೆಗಿರಲಿ. ಯಾವುದನ್ನು ಮೊದಲು ಹಾಕಿದಿರಿ, ಬಯಾಸ್‌ನಲ್ಲಿ ಏನೇನು ಬದಲಾಯಿಸಿದಿರಿ ಅಂತ ನೆನಪಿದ್ದಷ್ಟು ಹೇಳಿ. "ಬೂಟ್ ಫೈಲ್ ಮಾತ್ರ ಸರಿಮಾಡಿ, ಫಾರ್ಮ್ಯಾಟ್ ಬೇಡ" ಅಂತ ಲ್ಯಾಪ್‌ಟಾಪ್ ಕೈಗೆ ಕೊಡುವಾಗಲೇ ಹೇಳಿ, ರಸೀದಿ ಮೇಲೂ ಬರೆಸಿಕೊಳ್ಳಿ.