ಡ್ಯಾನ್ಯೂಬ್ ದಡದ ಮೀನುಗಾರರ ಊರು

ಸರ್ಬಿಯಾದ ಪೂರ್ವದ ಗಡಿಯಲ್ಲಿ ಡ್ಯಾನ್ಯೂಬ್ ನದಿ ಬೆಟ್ಟಗಳ ನಡುವಿನ ಇಕ್ಕಟ್ಟಾದ ಕಣಿವೆಗೆ ನುಗ್ಗುತ್ತದೆ. ಆಚೆ ದಡ ರೊಮೇನಿಯಾ. ಈಚೆ ದಡದಲ್ಲಿ, ನೀರು ಸುಳಿ ಸುತ್ತುತ್ತಿದ್ದ ಒಂದು ಜಾಗದಲ್ಲಿ, ಎಂಟು ಸಾವಿರ ವರ್ಷಗಳ ಹಿಂದೆ ಒಂದು ಪುಟ್ಟ ಊರಿತ್ತು. ಈಗ ಅದನ್ನು ಲೆಪೆನ್ಸ್ಕಿ ವೀರ್ ಎನ್ನುತ್ತಾರೆ.

ಊರನ್ನು ಸಾಕಿದ್ದು ನದಿಯೇ. ಕಪ್ಪು ಸಮುದ್ರದಿಂದ ಸ್ಟರ್ಜನ್ ಮೀನುಗಳು ಮೊಟ್ಟೆಯಿಡಲು ಇಲ್ಲಿಯವರೆಗೂ ಈಜಿ ಬರುತ್ತಿದ್ದವು. ದೊಡ್ಡವು ನೂರಾರು ಕಿಲೋ ತೂಗುತ್ತಿದ್ದವು. ಒಂದು ಸಿಕ್ಕಿದರೆ ಎಷ್ಟು ಮನೆಗೆ ಊಟ ಆಗುತ್ತಿತ್ತೋ! ಇಂದು ಆ ಮೀನು ಇಲ್ಲಿಗೆ ಬರುವ ಹಾಗಿಲ್ಲ. ಕೆಳಗೆ 1972ರಲ್ಲಿ ಒಂದು ಅಣೆಕಟ್ಟು ಮುಗಿಯಿತು, 1984ರಲ್ಲಿ ಇನ್ನೊಂದು. ದಾರಿಯೇ ಮುಚ್ಚಿಹೋಯಿತು. ನನಗೆ ಇದು ತುಂಬಲಾರದ ನಷ್ಟ ಅನ್ನಿಸುತ್ತದೆ.

ಮೊದಲ ಅಣೆಕಟ್ಟಿನ ನೀರು ಏರುವ ಮುಂಚೆ, 1965ರಿಂದ 1970ರವರೆಗೆ, ಪುರಾತತ್ವಜ್ಞ ಡ್ರಾಗೊಸ್ಲಾವ್ ಸ್ರೆಯೋವಿಚ್ ಇಲ್ಲಿ ಉತ್ಖನನ ಮಾಡಿಸಿದರು. ಆಮೇಲೆ ಊರಿನ ಅವಶೇಷಗಳನ್ನು ಸುಮಾರು 30 ಮೀಟರ್ ಮೇಲಕ್ಕೆ ಸಾಗಿಸಿದರು. ಮಣ್ಣಿನಡಿ ಸಿಕ್ಕ ಮನೆಗಳೆಲ್ಲ ಒಂದೇ ನಮೂನೆ. ಅಗಲವಾದ ಬದಿ ನದಿಯ ಕಡೆಗೆ, ಕಿರಿದಾದ ಬದಿ ಬೆಟ್ಟದ ಕಡೆಗೆ. ಸುಟ್ಟ ಸುಣ್ಣಕಲ್ಲಿನಿಂದ ಮಾಡಿದ ನೆಲ ಕೆಂಪಗೆ, ಗಟ್ಟಿಯಾಗಿ, ನಮ್ಮ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲದ ಹಾಗೆ ಕಾಣುತ್ತದೆ. ನಡುವೆ ಕಲ್ಲು ಜೋಡಿಸಿದ ಒಲೆ. ಅದರ ಹಿಂದೆ ಗುಂಡುಕಲ್ಲಿನಲ್ಲಿ ಕೆತ್ತಿದ ಮುಖ. ದುಂಡು ಕಣ್ಣು, ಇಳಿಬಿದ್ದ ಬಾಯಿ. ಮನುಷ್ಯನೋ ಮೀನೋ ಹೇಳುವುದು ಕಷ್ಟ. ಹಲವು ಮನೆಗಳ ನೆಲದಡಿ ನವಜಾತ ಶಿಶುಗಳನ್ನು ಹೂತಿದ್ದಾರೆ.

ಇಲ್ಲಿನವರು ಎಷ್ಟು ಮೀನು ತಿನ್ನುತ್ತಿದ್ದರು ಅಂದರೆ, ಅದು ವಿಜ್ಞಾನಿಗಳ ಲೆಕ್ಕವನ್ನೇ ತಪ್ಪಿಸಿತು. ಸುಣ್ಣಕಲ್ಲು ಕರಗಿ ನದಿಗೆ ಸೇರುವ ಕಾರ್ಬನ್ ಬಹಳ ಹಳೆಯದು. ಅದು ನೀರಿನ ಗಿಡಗಳಿಂದ ಮೀನಿಗೆ, ಮೀನಿನಿಂದ ಮನುಷ್ಯರ ಎಲುಬಿಗೆ ಬರುತ್ತದೆ. ಹಳೆಯದಾದಷ್ಟೂ ಕಾರ್ಬನ್-14 ಕಡಿಮೆಯಾಗುತ್ತದೆ, ಅದನ್ನು ಅಳೆದೇ ವಯಸ್ಸು ಹೇಳುವುದು. ಹಾಗಾಗಿ ಈ ಪರೀಕ್ಷೆಯಲ್ಲಿ ಎಲುಬಿನ ವಯಸ್ಸು ಜಾಸ್ತಿ ತೋರುತ್ತದೆ. ಇದು ಗೊತ್ತಾಗಿದ್ದು ಇದೇ ನದಿಯ ರೊಮೇನಿಯಾ ದಡದ ಸ್ಕೆಲಾ ಕ್ಲಾಡೋವೆಯ್ ಎಂಬ ಜಾಗದಲ್ಲಿ. ಅಲ್ಲಿ ಮನುಷ್ಯರ ಅಸ್ಥಿಪಂಜರಗಳ ಜೊತೆಗೇ ಗೊರಸಿನ ಪ್ರಾಣಿಗಳ ಎಲುಬಿನಿಂದ ಮಾಡಿದ ಬಾಣದ ಮೊನೆಗಳು ಸಿಕ್ಕಿದ್ದವು. ಎರಡೂ ಒಂದೇ ಕಾಲದವು ಆಗಿರಬೇಕು, ಅಲ್ವಾ? ಆದರೆ ಪರೀಕ್ಷೆಯಲ್ಲಿ ಮನುಷ್ಯರ ಎಲುಬು ಸುಮಾರು 400–500 ವರ್ಷ ಹಳೆಯದಾಗಿ ಬಂತು. ಹುಲ್ಲು ತಿನ್ನುವ ಪ್ರಾಣಿಗೆ ನದಿಯ ಕಾರ್ಬನ್ ಸೇರುವುದಿಲ್ಲವಲ್ಲ! ಈಗ ಇಷ್ಟನ್ನು ಕಳೆದೇ ಲೆಕ್ಕ ಹಾಕುತ್ತಾರೆ. ಲೆಪೆನ್ಸ್ಕಿ ವೀರ್‌ನ ಆ ಕೆಂಪು ನೆಲದ ಮನೆಗಳ ಕಾಲ ಸುಮಾರು ಕ್ರಿ.ಪೂ. 6200–5900.

ಹಾಗಾದರೆ ಆ ಮನೆಗಳಲ್ಲಿದ್ದವರು ಯಾರು? ಕಣಿವೆಯಲ್ಲಿ ಸಾವಿರಾರು ವರ್ಷಗಳಿಂದ ಬೇಟೆ, ಮೀನು ಅಂತ ಬದುಕಿದ್ದ ಜನ ಇದ್ದೇ ಇದ್ದರು. ಅದೇ ಹೊತ್ತಿಗೆ ಈಗಿನ ಟರ್ಕಿಯ ಕಡೆಯಿಂದ ಬಂದ ರೈತ ಕುಲಗಳು ಬಾಲ್ಕನ್ ಪ್ರದೇಶದಲ್ಲಿ ಹರಡುತ್ತಿದ್ದವು. 2018ರಲ್ಲಿ ಪ್ರಕಟವಾದ ಡಿಎನ್ಎ ಅಧ್ಯಯನದ ಪ್ರಕಾರ, ಇಲ್ಲಿನ ಸಮಾಧಿಗಳಲ್ಲಿದ್ದವರಲ್ಲಿ ಇಬ್ಬರು ಪೂರ್ತಿ ಆ ರೈತ ಮೂಲದವರು. ಅವರು ಹುಟ್ಟಿ ಬೆಳೆದಿದ್ದೇ ಈ ಕಣಿವೆಯ ಹೊರಗೆ ಎಂದು ಸ್ಟ್ರಾಂಷಿಯಂ ಪರೀಕ್ಷೆ (ಊಟ, ನೀರಿನಿಂದ ಹಲ್ಲಿಗೆ ಸೇರುವ ಈ ಧಾತು ಬೆಳೆದ ಜಾಗದ ಸುಳಿವು ಕೊಡುತ್ತದೆ) ಸೂಚಿಸುತ್ತದೆ. ಮತ್ತೊಬ್ಬರಲ್ಲಿ ಎರಡೂ ಕುಲಗಳ ರಕ್ತವಿತ್ತು, ಊಟ ಮಾತ್ರ ಹಳೇ ಊರಿನವರ ಹಾಗೆ ನದಿಯದ್ದೇ. ಹೊರಗಿನಿಂದ ಬಂದವರನ್ನೂ ಊರು ತನ್ನವರ ಜೊತೆಗೇ ಹೂತಿತು ಅನ್ನುವುದು ನನಗೆ ಇಲ್ಲಿನ ಎಲ್ಲಕ್ಕಿಂತ ದೊಡ್ಡ ಸಂಗತಿ.

ಸುಮಾರು ಕ್ರಿ.ಪೂ. 5900ರ ನಂತರ ದನ, ಕುರಿ, ಮೇಕೆಗಳ ಎಲುಬು ಸಿಗತೊಡಗುತ್ತವೆ. ಅಲ್ಲಿಯವರೆಗೆ ಇವರ ಸಾಕುಪ್ರಾಣಿ ನಾಯಿ ಮಾತ್ರ. ಕೆಂಪು ನೆಲದ ಮನೆ ಕಟ್ಟುವುದು ನಿಂತಿತು. ಮೀನು ಹಿಡಿಯುವುದು ಮುಂದುವರಿಯಿತು.