ನಿಂಜಾ ಸಿನಿಮಾಕ್ಕೆ ಸಿಕ್ಕ ಎರಡನೇ ಜನ್ಮ: ಪ್ರೀತಿಯಿಂದ ಕಾಲೆಳೆಯುವವರ ಕಥೆ

ಜಿಮ್ ಅನ್ನೋ ಹುಡುಗ ಒಂದು ಕಾಗದ ಹಿಡಿದು ಕೂಗುತ್ತಾನೆ. ಅಪ್ಪ ಸಿಕ್ಕಿದ! ಅವನ ತಾಯಿ ಕೊರಿಯಾದವಳು, ತಂದೆ ಅಮೆರಿಕದ ಕಪ್ಪು ಸೈನಿಕ. ಇಷ್ಟು ವರ್ಷ ಅವನು ಅಪ್ಪನನ್ನು ಹುಡುಕುತ್ತಲೇ ಇದ್ದ. ಗೆಳೆಯರೆಲ್ಲ ಓಡಿ ಬಂದು ತಬ್ಬಿಕೊಳ್ಳುತ್ತಾರೆ, ದುಡ್ಡು ಒಟ್ಟು ಹಾಕಿ ಅವನಿಗೆ ಹೊಸ ಸೂಟ್ ತರುತ್ತಾರೆ. ನಟಿಸಿದವರು ಯಾರೂ ನುರಿತ ನಟರಲ್ಲ. ಮಾತು ಒಂದು ಕಡೆ, ಮುಖ ಇನ್ನೊಂದು ಕಡೆ. ನೋಡುತ್ತಿದ್ದರೆ ನಗು ತಡೆಯೋಕಾಗಲ್ಲ. ಆದರೆ ಅದೇ ಹೊತ್ತಿಗೆ ಗಂಟಲೂ ಕಟ್ಟುತ್ತದೆ. ಮೊದಲ ಸಲ ಈ ದೃಶ್ಯ ನೋಡಿದಾಗ ನನಗೆ ಎರಡೂ ಒಟ್ಟಿಗೇ ಆಯಿತು.

ಸಿನಿಮಾದ ಹೆಸರು 'ಮಯಾಮಿ ಕನೆಕ್ಷನ್'. ಫ್ಲೋರಿಡಾದ ಒರ್ಲಾಂಡೋದಲ್ಲಿ ತಯಾರಾಗಿ 1988ರಲ್ಲಿ ತೆರೆಗೆ ಬಂದು, ಯಾರಿಗೂ ಬೇಡವಾಗಿ ಮೂಲೆ ಸೇರಿದ ಮಾರ್ಷಲ್ ಆರ್ಟ್ಸ್ ಚಿತ್ರ. 2015ರ ಅಕ್ಟೋಬರ್ 1ರ ರಾತ್ರಿ ಇದೇ ಸಿನಿಮಾ ಅಮೆರಿಕದ ನೂರಾರು ಥಿಯೇಟರ್‌ಗಳಲ್ಲಿ ಒಟ್ಟಿಗೆ ಓಡಿತು. ಜೊತೆಗೆ ಮೂವರು ಹಾಸ್ಯಗಾರರು ವೇದಿಕೆಯ ಮೇಲೆ ನಿಂತು ಅದರ ಕಾಲೆಳೆಯುತ್ತಿದ್ದರು. ಮೈಕ್ ನೆಲ್ಸನ್, ಕೆವಿನ್ ಮರ್ಫಿ, ಬಿಲ್ ಕಾರ್ಬೆಟ್. ತಂಡದ ಹೆಸರು ರಿಫ್‌ಟ್ರ್ಯಾಕ್ಸ್. ಒಂದು ಸಿನಿಮಾವನ್ನು ಸಾವಿರಾರು ಜನರ ಎದುರು ಗೇಲಿ ಮಾಡಿದರೆ ಅದಕ್ಕೆ ಅವಮಾನ ಅಲ್ವಾ? ಇಲ್ಲಿ ಹಾಗಾಗಲಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕೆಟ್ಟ ಸಿನಿಮಾ ನೋಡಿ ನಗುವುದು ಹಳೇ ಅಭ್ಯಾಸ. 1954ರಲ್ಲೇ ಲಾಸ್ ಏಂಜಲೀಸ್‌ನ ಟೀವಿಯಲ್ಲಿ ವ್ಯಾಂಪೈರಾ ಅನ್ನೋ ಪಾತ್ರಧಾರಿ ಕಪ್ಪು ಗೌನ್ ತೊಟ್ಟು ಬಂದು, ಹಳೇ ಅಗ್ಗದ ಚಿತ್ರಗಳನ್ನು ಛೇಡಿಸುತ್ತಾ ತೋರಿಸುತ್ತಿದ್ದಳು. 1976ರಲ್ಲಿ ನ್ಯೂಯಾರ್ಕ್‌ನ ವೇವರ್ಲಿ ಥಿಯೇಟರ್‌ನಲ್ಲಿ ಒಂದು ಸಂಗೀತ ಚಿತ್ರದ ನಡುರಾತ್ರಿ ಪ್ರದರ್ಶನಗಳು ಶುರುವಾದವು. ಅಲ್ಲಿ ಪ್ರೇಕ್ಷಕರೇ ತೆರೆಗೆ ಎದುರುತ್ತರ ಕೊಡೋಕೆ ಹತ್ತಿದರು. ಅದು ಜಗಳವಾಗಿರಲಿಲ್ಲ, ಹಬ್ಬವಾಗಿತ್ತು.

ಆದರೆ ಅದೇ ಕಾಲದಲ್ಲಿ ಇನ್ನೊಂದು ಥರದ ನಗುವೂ ಬೆಳೆಯಿತು. 1978ರಲ್ಲಿ, ಅತಿ ಕೆಟ್ಟ 50 ಸಿನಿಮಾಗಳು ಅಂತ ಪಟ್ಟಿ ಮಾಡಿದ ಪುಸ್ತಕವೊಂದು ಬಂತು. 1980ರಲ್ಲಿ ಬಂದ, ಅಣಕದ ಬಹುಮಾನಗಳನ್ನು ಹಂಚಿದ ಅದರ ತಮ್ಮನಂಥ ಪುಸ್ತಕ ಎಡ್ ವುಡ್ ಎಂಬಾತನಿಗೆ ಅತಿ ಕೆಟ್ಟ ನಿರ್ದೇಶಕ ಅನ್ನೋ ಪಟ್ಟ ಕಟ್ಟಿತು, ಅವನ 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ಅತಿ ಕೆಟ್ಟ ಚಿತ್ರವಾಯಿತು. ವುಡ್ 1978ರ ಡಿಸೆಂಬರ್‌ನಲ್ಲೇ ತೀರಿಕೊಂಡಿದ್ದ. ಆ ನಗುವಿಗೆ ಉತ್ತರ ಕೊಡೋಕೂ ಅವನಿರಲಿಲ್ಲ, ಅದರಲ್ಲಿ ಪಾಲು ತಗೊಳ್ಳೋಕೂ ಇರಲಿಲ್ಲ. ಆ ಪುಸ್ತಕದಿಂದಲೇ ಜನ ವುಡ್‌ನ ಚಿತ್ರಗಳನ್ನು ಹುಡುಕಿ ನೋಡಿದರು ಅನ್ನೋದು ನಿಜ. ಆದರೂ ಬಹುಮಾನದ ಹೆಸರಲ್ಲಿ ಹೀಯಾಳಿಸುವ ಆ ಧಾಟಿ ನನಗೆ ಇವತ್ತಿಗೂ ಹಿಡಿಸಲ್ಲ. ಅದು ಮೇಲೆ ಕೂತು ಕೆಳಗೆ ನೋಡಿ ನಗುವುದು.

ಪಕ್ಕದಲ್ಲಿ ಕೂತು ನಗುವುದನ್ನು ಕಲಿಸಿದ್ದು ಮಿನಿಯಾಪೊಲಿಸ್‌ನ ಒಂದು ಸಣ್ಣ ಟೀವಿ ಚಾನೆಲ್. 1988ರ ನವೆಂಬರ್ 24ರಂದು ಕೆಟಿಎಂಎ ಚಾನೆಲ್‌ನಲ್ಲಿ 'ಮಿಸ್ಟರಿ ಸೈನ್ಸ್ ಥಿಯೇಟರ್ 3000' ಶುರುವಾಯಿತು. ಅದನ್ನು ಕಟ್ಟಿದವರು ಜೋಯಲ್ ಹಾಡ್ಜ್‌ಸನ್. ಕಥೆ ಸರಳ: ಹುಚ್ಚು ವಿಜ್ಞಾನಿಗಳು ಒಬ್ಬನನ್ನು ಬಾಹ್ಯಾಕಾಶದಲ್ಲಿ ಕೂಡಿಹಾಕಿ ಕೆಟ್ಟ ಸಿನಿಮಾ ನೋಡಿಸುತ್ತಾರೆ, ಅವನು ಒಂಟಿತನ ತಾಳಲಾರದೆ ಜೊತೆಗೆ ರೋಬೋಗಳನ್ನು ಮಾಡಿಕೊಳ್ಳುತ್ತಾನೆ. ತೆರೆಯ ಕೆಳಗೆ ಸೀಟಿನ ಸಾಲು, ಅವರ ನೆರಳು. ಸಿನಿಮಾ ಓಡುತ್ತಿದ್ದಂತೆ ಆ ನೆರಳುಗಳು ಮಾತಾಡುತ್ತವೆ. ಮನೆಯಲ್ಲಿ ನೋಡುವವನಿಗೆ ತಾನೂ ಅವರ ಹಿಂದಿನ ಸಾಲಿನಲ್ಲಿ ಕೂತ ಹಾಗೆ. ಇಡೀ ಗುಟ್ಟು ಆ ನೆರಳಿನಲ್ಲೇ ಇದೆ. ಎಡವಟ್ಟು ಸಿನಿಮಾವನ್ನು ನಾವೆಲ್ಲ ಒಟ್ಟಿಗೆ ದಾಟೋಣ ಬನ್ನಿ ಅನ್ನುತ್ತದೆ ಅದು.

ಕಾರ್ಯಕ್ರಮ ಮುಂದಿನ ವರ್ಷವೇ ಕೇಬಲ್‌ಗೆ ಹೋಯಿತು. 1993ರಲ್ಲಿ, ಟೀವಿ-ರೇಡಿಯೋ ಕಾರ್ಯಕ್ರಮಗಳಿಗೆ ಕೊಡುವ ದೊಡ್ಡ ಗೌರವವಾದ ಪೀಬಡಿ ಪ್ರಶಸ್ತಿ ಬಂತು. ಅದೇ ವರ್ಷ ಹಾಡ್ಜ್‌ಸನ್ ಜಾಗಕ್ಕೆ ಮೈಕ್ ನೆಲ್ಸನ್ ಬಂದರು. ಮರ್ಫಿ, ಮುಂದೆ ಕಾರ್ಬೆಟ್, ರೋಬೋಗಳ ದನಿಯಾದರು. ನಿಂಜಾಗಳ ಪರಿಚಯವೂ ಇವರಿಗೆ ಹೊಸದಲ್ಲ. ಮೂರನೇ ಸೀಸನ್‌ನಲ್ಲೇ 'ಮಾಸ್ಟರ್ ನಿಂಜಾ' ಅನ್ನೋ, ಟೀವಿ ಧಾರಾವಾಹಿಯ ಕಂತುಗಳನ್ನು ಅಂಟಿಸಿ ಮಾಡಿದ ಚಿತ್ರ ಇವರ ಕೈಗೆ ಸಿಕ್ಕಿತ್ತು. 1999ರಲ್ಲಿ ಕಾರ್ಯಕ್ರಮ ನಿಂತಿತು.

ಇದರ ಹಿಂದಿನ ಕೆಲಸ ಎಷ್ಟು ಅಂತ ಹೊರಗಿನವರಿಗೆ ಗೊತ್ತಾಗಲ್ಲ. ಬಾಯಿಗೆ ಬಂದದ್ದು ಆಡಿದ ಹಾಗೆ ಕೇಳಿಸುತ್ತದೆ, ಆದರೆ ಬಹುತೇಕ ಎಲ್ಲವೂ ಮೊದಲೇ ಬರೆದದ್ದು. ಸಿನಿಮಾವನ್ನು ಮತ್ತೆ ಮತ್ತೆ ನಿಲ್ಲಿಸಿ, ಹಿಂದಕ್ಕೆ ಹಾಕಿ, ಎರಡು ಸಂಭಾಷಣೆಗಳ ನಡುವೆ ಸಿಗುವ ಒಂದೆರಡು ಸೆಕೆಂಡಿನ ಬಿಡುವಿನಲ್ಲಿ ಒಂದು ಮಾತು ಕೂರಿಸಬೇಕು, ಅದು ಮುಂದಿನ ಸಂಭಾಷಣೆಯನ್ನು ಮುಚ್ಚಬಾರದು, ಯಾಕೆಂದರೆ ಆ ಸಂಭಾಷಣೆ ಕೇಳಿಸದಿದ್ದರೆ ಮುಂದಿನ ತಮಾಷೆಯೂ ಕೆಟ್ಟಿತು. ಅಂದರೆ ಸಿನಿಮಾವನ್ನು ಅದರ ಅಭಿಮಾನಿಗಿಂತ ಜಾಸ್ತಿ ಗಮನ ಕೊಟ್ಟು ನೋಡಬೇಕು. ತಿರಸ್ಕಾರ ಇರುವವರಿಗೆ ಅಷ್ಟು ತಾಳ್ಮೆ ಬರಲ್ಲ.

ಇನ್ನೊಂದು ತೊಡಕು ಹಕ್ಕಿನದು. ಬೇರೆಯವರ ಸಿನಿಮಾ ತೋರಿಸಬೇಕಾದರೆ ಹಕ್ಕು ಕೊಳ್ಳಬೇಕು. ಟೀವಿ ಕಾಲದಲ್ಲಿ ಹಕ್ಕಿನ ಅವಧಿ ಮುಗಿದ ಕಂತುಗಳು ಮತ್ತೆ ಕಾಣಿಸುತ್ತಲೇ ಇರಲಿಲ್ಲ. ಟೇಪ್‌ಗಳನ್ನು ಕೈಯಿಂದ ಕೈಗೆ ಹಂಚುತ್ತಿರಿ ಅಂತ ಕಾರ್ಯಕ್ರಮದವರೇ ಕೊನೆಯಲ್ಲಿ ಹಾಕುತ್ತಿದ್ದರು. 2006ರಲ್ಲಿ ನೆಲ್ಸನ್ ರಿಫ್‌ಟ್ರ್ಯಾಕ್ಸ್ ಶುರು ಮಾಡಿದಾಗ ಇದಕ್ಕೊಂದು ಜಾಣ ದಾರಿ ಕಂಡುಕೊಂಡರು. ಸಿನಿಮಾ ಮಾರುವುದೇ ಬೇಡ, ಬರೀ ತಮ್ಮ ಮಾತಿನ ಎಂಪಿ3 ಮಾರಿದರು. ಡಿವಿಡಿ ನೀವೇ ತಂದುಕೊಂಡು ಎರಡನ್ನೂ ಒಟ್ಟಿಗೆ ಹಾಕಿ ಕೇಳಬೇಕು. ಒಂದು ಸೆಕೆಂಡ್ ಹೆಚ್ಚುಕಮ್ಮಿಯಾದರೂ ಎಲ್ಲ ಕಲಸುಮೇಲೋಗರ. ಆದರೂ ಜನ ಮಾಡಿದರು! 2009ರಿಂದ ಒಂದು ಊರಿನ ವೇದಿಕೆಯಲ್ಲಿ ಮಾಡಿದ್ದನ್ನು ದೇಶದ ಥಿಯೇಟರ್‌ಗಳಿಗೆಲ್ಲ ನೇರವಾಗಿ ತೋರಿಸೋಕೆ ಶುರು ಮಾಡಿದರು. ಮೊದಲ ಚಿತ್ರ ಯಾವುದು ಗೊತ್ತಾ? ಅದೇ 'ಪ್ಲಾನ್ 9'.

ಈಗ ಒರ್ಲಾಂಡೋಗೆ ಬರೋಣ.

ವೈ.ಕೆ. ಕಿಮ್ ಕೊರಿಯಾದಿಂದ ಬಂದ ಟೇಕ್ವಾಂಡೋ ಗುರು. ಒರ್ಲಾಂಡೋದಲ್ಲಿ ಶಾಲೆ ಕಟ್ಟಿ ಹೆಸರು ಮಾಡಿದವರು. ಅವರನ್ನು ಕೊರಿಯಾದ ಟೀವಿಯಲ್ಲಿ ನೋಡಿದ ನಿರ್ದೇಶಕ ಪಾರ್ಕ್ ವೂ-ಸಾಂಗ್ ಸಿನಿಮಾ ಮಾಡೋಣ ಅಂದರು. ಕಿಮ್‌ಗೆ ಸಿನಿಮಾ ಗೊತ್ತಿರಲಿಲ್ಲ. ಟೇಕ್ವಾಂಡೋ ಗೊತ್ತಿತ್ತು. ಕೈಲಿದ್ದ ಹಣ ಹಾಕಿದರು, ಗೆಳೆಯರ ಹತ್ತಿರ ಸಾಲ ಮಾಡಿದರು, ಶಾಲೆಯನ್ನೂ ಅಡವಿಟ್ಟರು. ಪಾತ್ರಧಾರಿಗಳು ಬಹುತೇಕ ಅವರ ಶಿಷ್ಯರೇ. ಕಥೆ ಹೀಗೆ: ಟೇಕ್ವಾಂಡೋ ಕಲಿತ ಐವರು ಅನಾಥ ಗೆಳೆಯರು, ಒಂದೇ ಮನೆಯಲ್ಲಿ ವಾಸ, 'ಡ್ರ್ಯಾಗನ್ ಸೌಂಡ್' ಅನ್ನೋ ರಾಕ್ ಬ್ಯಾಂಡ್, ಎದುರಿಗೆ ಬೈಕ್ ಮೇಲೆ ಬರುವ, ಕೊಕೇನ್ ದಂಧೆಯ ನಿಂಜಾಗಳು. 80ರ ದಶಕದ ಅಮೆರಿಕದಲ್ಲಿ ನಿಂಜಾ ಹುಚ್ಚು ಜೋರಾಗಿತ್ತು. ವೀಡಿಯೋ ಅಂಗಡಿಗಳ ತುಂಬ ಅದೇ. ಆದರೆ ನಿಂಜಾಗಳ ವಿರುದ್ಧ ಹಾಡು ಕಟ್ಟಿ, ಕ್ಲಬ್ಬಿನ ವೇದಿಕೆಯಲ್ಲಿ ಒದೆಯುತ್ತಾ ಹಾಡುವ ಅನಾಥ ಹುಡುಗರು ಬೇರೆಲ್ಲೂ ಸಿಗಲ್ಲ.

ಕ್ಲಬ್ಬಿನ ಆ ದೃಶ್ಯದಲ್ಲಿ ಕಿಮ್ ಅವರ ಗಿಟಾರ್ ಗಮನಿಸಿ. ಬೆರಳು ತಂತಿಯನ್ನು ಸುಮ್ನೆ ಸವರುತ್ತದೆ, ನುಡಿಸುವುದು ಬರಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಮುಂದೆ ಅವರೇ ಕಾಲೆತ್ತಿ ಒದ್ದಾಗ ಆ ಒದೆತ ಮಾತ್ರ ಅಪ್ಪಟ. ಒಬ್ಬನೇ ಮನುಷ್ಯನಲ್ಲಿ ಸುಳ್ಳು ಗಿಟಾರು, ನಿಜವಾದ ವಿದ್ಯೆ. ಕಾಲೆಳೆಯುವವರಿಗೆ ಬೇಕಾದ ಜಾಗ ಇದೇ. ಮಾತಿಲ್ಲದ ಉದ್ದನೆಯ ಹೊಡೆದಾಟಗಳಲ್ಲಿ ತಮಾಷೆಗೆ ಬಿಡುವೂ ಧಾರಾಳ.

ಚಿತ್ರ ಮುಗಿದ ಮೇಲೆ ಹಂಚಿಕೆದಾರರು ಒಬ್ಬರಾದ ಮೇಲೊಬ್ಬರು ಬೇಡ ಅಂದರು. ಕಿಮ್ ಬಿಡಲಿಲ್ಲ. ಮೊದಲು ಚಿತ್ರೀಕರಿಸಿದ್ದ ಕೊನೆಯಲ್ಲಿ ಜಿಮ್ ಸಾಯುತ್ತಿದ್ದ, ಅದನ್ನು ಬದಲಿಸಿ ಹೊಸದಾಗಿ ಚಿತ್ರೀಕರಿಸಿ ಅವನನ್ನು ಬದುಕಿಸಿದರು. 1988ರ ಆಗಸ್ಟ್‌ನಲ್ಲಿ ಒರ್ಲಾಂಡೋ ಸುತ್ತಮುತ್ತ 8 ಥಿಯೇಟರ್‌ಗಳಲ್ಲಿ ಬಿಡುಗಡೆಯಾಯಿತು. ಮೂರು ವಾರ ಓಡಿ ನಿಂತಿತು. ಕಿಮ್ ಶಾಲೆಗೆ ವಾಪಸ್ ಹೋದರು, ಸಾಲ ತೀರಿಸೋಕೆ.

2009ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನ ಅಲಾಮೊ ಡ್ರಾಫ್ಟ್‌ಹೌಸ್ ಥಿಯೇಟರ್‌ಗೆ ಚಿತ್ರಗಳನ್ನು ಆರಿಸುತ್ತಿದ್ದ ಝ್ಯಾಕ್ ಕಾರ್ಲ್‌ಸನ್, ಹೆಸರೂ ಕೇಳದ ಈ ಚಿತ್ರದ 35 ಎಂಎಂ ಪ್ರಿಂಟನ್ನು ಇಬೇಯಲ್ಲಿ 50 ಡಾಲರ್‌ಗೆ ಕೊಂಡರು. ಮೊದಲ ರೀಲನ್ನಷ್ಟೇ ಹಾಕಿದರೂ ಜನ ಕುಣಿದಾಡಿದರು. ಹಕ್ಕು ಕೇಳೋಣ ಅಂತ ಕಿಮ್‌ಗೆ ಫೋನ್ ಮಾಡಿದರೆ, ಯಾರೋ ಆಟ ಆಡಿಸುತ್ತಿದ್ದಾರೆ ಅಂದುಕೊಂಡು ಅವರು ಇಟ್ಟುಬಿಟ್ಟರು. 20 ವರ್ಷ ಆ ಗಾಯವನ್ನು ಹೊತ್ತವರು ಹಾಗಲ್ಲದೆ ಇನ್ನೇನು ಅಂದುಕೊಂಡಾರು? ಕೊನೆಗೂ ಒಪ್ಪಿದರು. 2012ರಲ್ಲಿ ಡ್ರಾಫ್ಟ್‌ಹೌಸ್‌ನವರೇ ಚಿತ್ರವನ್ನು ಮತ್ತೆ ಬಿಡುಗಡೆ ಮಾಡಿದರು.

ಇದೇ ದಾರಿಯಲ್ಲಿ ಬಂದ ಇನ್ನೊಂದು ಚಿತ್ರ 1991ರ 'ಸಮುರಾಯ್ ಕಾಪ್'. ಇರಾನ್‌ನಿಂದ ಬಂದ ಅಮೀರ್ ಶೆರ್ವಾನ್ ನಿರ್ದೇಶಿಸಿದ್ದು. ಚಿತ್ರೀಕರಣ ಮುಗಿಯಿತು ಅಂತ ನಾಯಕ ತಲೆಗೂದಲು ಕತ್ತರಿಸಿಕೊಂಡಿದ್ದ. ಆಮೇಲೆ ಮತ್ತೆ ಕರೆದರು. ಹಾಗಾಗಿ ಅರ್ಧ ಸಿನಿಮಾದಲ್ಲಿ ತಲೆ ಮೇಲೆ ಹೆಂಗಸರ ವಿಗ್ಗು. 2017ರಲ್ಲಿ ರಿಫ್‌ಟ್ರ್ಯಾಕ್ಸ್ ಇದನ್ನೂ ವೇದಿಕೆಗೆ ತಂದಿತು. ಅದಕ್ಕೂ ಮುಂಚೆಯೇ, ಅಭಿಮಾನಿಗಳ ಉತ್ಸಾಹ ನೋಡಿ 2015ರಲ್ಲಿ ಅದೇ ನಾಯಕನನ್ನು ಹಾಕಿಕೊಂಡು ಎರಡನೇ ಭಾಗವೂ ಬಂದಿತ್ತು.

ಬೇಕಂತಲೇ ಕೆಟ್ಟದಾಗಿ ಮಾಡಿದ ಸಿನಿಮಾಗಳಿಗೆ ಈ ಅದೃಷ್ಟ ಇಲ್ಲ. 2015ರ ಜುಲೈನಲ್ಲಿ ಇದೇ ಮೂವರು 'ಶಾರ್ಕ್‌ನೇಡೋ 2' ಅನ್ನೂ ಎತ್ತಿಕೊಂಡಿದ್ದರು. ಅವರ ಮಾತು ಚುರುಕಾಗಿಯೇ ಇತ್ತು, ಆದರೆ ಎದುರಿನ ಸಿನಿಮಾ ತಾನೇ ಕಣ್ಣು ಮಿಟುಕಿಸುತ್ತಿದ್ದರೆ ಕಾಲೆಳೆಯೋದು ಯಾರದು? ಕಾಲು ಗಟ್ಟಿಯಾಗಿ ಊರಿ ನಿಂತಿರಬೇಕು. ಕಿಮ್ ಹಾಗೆ ನಿಂತಿದ್ದರು.

ಕೊನೆಯ ಹೊಡೆದಾಟದಲ್ಲಿ ಇಬ್ಬರು ಗೆಳೆಯರು ಅಂಗಿ ಹರಿದು, ಮೈತುಂಬ ರಕ್ತ ಬಳಿದುಕೊಂಡು ನಿಂಜಾಗಳನ್ನು ಕೊಚ್ಚಿ ಹಾಕುತ್ತಾರೆ. ಆಸ್ಪತ್ರೆಯಲ್ಲಿ ಜಿಮ್‌ನ ಅಪ್ಪ ಬಂದು ಮಗನನ್ನು ನೋಡುತ್ತಾನೆ. ಆಮೇಲೆ ತೆರೆ ಮೇಲೆ ಅಕ್ಷರ ಮೂಡುತ್ತದೆ: ಹಿಂಸೆಯನ್ನು ಇಲ್ಲವಾಗಿಸಿದರೆ ಮಾತ್ರ ಲೋಕಕ್ಕೆ ಶಾಂತಿ. ಅಷ್ಟು ತಲೆ ಉರುಳಿದ ಮೇಲೆ ಇದನ್ನು ಓದಿದರೆ ಎಂಥವರಿಗೂ ನಗು ಬರುತ್ತದೆ, ನನಗೂ ಪ್ರತಿ ಸಲ ಬರುತ್ತದೆ. ಆದರೆ ಆ ಸಾಲನ್ನು ಹಾಕಿಸಿದ ಗುರು ಅದನ್ನು ಮನಸ್ಸಾರೆ ನಂಬಿದ್ದರು. ಶಾಲೆ ಅಡವಿಟ್ಟು ಹೇಳಿದ ಮಾತು ಅದು.