ಕ್ಲೋಸಪ್ ಅಂದರೆ ಎಷ್ಟು ಹತ್ತಿರ?

"ಇಲ್ಲೊಂದು ಕ್ಲೋಸಪ್ ಬೇಕು" ಎಂದು ನಿರ್ದೇಶಕರು ಹೇಳಿದಾಗ ಛಾಯಾಗ್ರಾಹಕರಾದ ನಮಗೆ ಸಿಕ್ಕಿರುವುದು ಅರ್ಧ ಮಾತು. ಮುಖ ಎಷ್ಟು ದೊಡ್ಡದಾಗಿ ಕಾಣಬೇಕೆಂದು ಗೊತ್ತಾಯಿತು, ಕ್ಯಾಮೆರಾ ಎಲ್ಲಿ ನಿಲ್ಲಬೇಕೆಂದು ಗೊತ್ತಾಗಲಿಲ್ಲ. ವೈಡ್, ಮಿಡ್, ಕ್ಲೋಸ್ ಎಂಬ ಹೆಸರುಗಳೆಲ್ಲ ಗಾತ್ರದ ಲೆಕ್ಕ. ದೂರದ ಲೆಕ್ಕವೇ ಬೇರೆ. ಪ್ರೇಕ್ಷಕರನ್ನು ತಟ್ಟುವುದು ಎಷ್ಟೋ ಸಲ ಅದೇ.

ಒಂದೇ ಮುಖವನ್ನು 25 ಎಂಎಂ ಲೆನ್ಸಿನಲ್ಲಿ, ಅಂದರೆ ಅಗಲವಾದ ನೋಟ ಹಿಡಿಯುವ ವೈಡ್ ಲೆನ್ಸಿನಲ್ಲಿ, 2 ಅಡಿಯಿಂದ ಹಿಡಿಯಿರಿ. ಮತ್ತೆ ದೂರದ್ದನ್ನು ದೊಡ್ಡದಾಗಿ ತೋರಿಸುವ 100 ಎಂಎಂ ಹಾಕಿ 8 ಅಡಿಯಿಂದ ಹಿಡಿಯಿರಿ. ಚೌಕಟ್ಟಿನಲ್ಲಿ ಮುಖದ ಅಳತೆ ಹೆಚ್ಚುಕಡಿಮೆ ಅಷ್ಟೇ. ಆದರೆ ಮೂಗಿನ ತುದಿಯಿಂದ ಕಿವಿಗೆ 5 ಇಂಚು ಎಂದಿಟ್ಟುಕೊಂಡರೆ, ಹತ್ತಿರದ ಕ್ಯಾಮೆರಾಗೆ ಕಿವಿ ಮೂಗಿಗಿಂತ ಶೇ. 20ರಷ್ಟು ಹೆಚ್ಚು ದೂರ. 8 ಅಡಿಯಾಚೆಗಿನದಕ್ಕೆ ಬರೀ ಶೇ. 5ರಷ್ಟು. ಹಾಗಾಗಿ ಮೊದಲನೆಯದರಲ್ಲಿ ಮೂಗು ಮುಂದೆ ಚಾಚಿದಂತೆ, ಎರಡನೆಯದರಲ್ಲಿ ಮುಖ ಚಪ್ಪಟೆಯಾದಂತೆ ಕಾಣುತ್ತದೆ. ವೈಡ್ ಲೆನ್ಸ್ ಮುಖ ಕೆಡಿಸುತ್ತದೆ ಎಂದು ಸೆಟ್ಟಿನಲ್ಲಿ ಎಲ್ಲರೂ ಬೈಯುತ್ತಾರೆ. ಪಾಪ, ಅಷ್ಟು ಹತ್ತಿರ ಹೋಗಿ ನಿಂತವರು ನಾವು.

ಹಿನ್ನೆಲೆಯೂ ಬದಲಾಗುತ್ತದೆ. 25ರಲ್ಲಿ ಕೋಣೆಯ ಬಾಗಿಲು, ಕಿಟಕಿ, ಆಚೆ ಕೂತವರು ಎಲ್ಲ ಕಾಣುತ್ತಾರೆ. 100ರಲ್ಲಿ ಗೋಡೆಯ ಸಣ್ಣದೊಂದು ತುಂಡು ಮಾತ್ರ ಉಳಿದು, ಅದೂ ಮಸುಕಾಗಿ ಮುಖದ ಬೆನ್ನಿಗೆ ಅಂಟಿಕೊಳ್ಳುತ್ತದೆ.

ಮಗ ತನ್ನ ಸಾಲದ ವಿಷಯವನ್ನು ಅಪ್ಪನಿಗೆ ಹೇಳುವ ದೃಶ್ಯ ಎಂದುಕೊಳ್ಳಿ. 2 ಅಡಿಯಿಂದ ತೆಗೆದರೆ ನಾವೂ ಅವನ ಎದುರಿಗೇ ಕೂತಿದ್ದೇವೆ. ಅವನು ಸ್ವಲ್ಪ ಬಾಗಿದರೂ ಮೈಮೇಲೆ ಬಂದಂತಾಗುತ್ತದೆ. 8 ಅಡಿಯಿಂದಾದರೆ ಕದ್ದು ಕೇಳುತ್ತಿದ್ದೇವೆ. ನಾಚಿಕೆಯೇ ಮುಖ್ಯವಾದ ದೃಶ್ಯವಾದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಕ್ಯಾಮೆರಾ ದೂರವಿದ್ದರೆ ನಟರಿಗೂ ಉಸಿರಾಡಲು ಜಾಗವಿರುತ್ತದೆ.

ತಲೆಯ ಮೇಲೆ ಎಷ್ಟು ಜಾಗ, ನೋಟದ ದಿಕ್ಕಿನಲ್ಲಿ ಎಷ್ಟು ಖಾಲಿ, ಮೊಣಕಾಲಿನ ಗಂಟಿನಲ್ಲಿ ಚೌಕಟ್ಟು ಕತ್ತರಿಸಬಾರದು ಎಂಬ ನಿಯಮಗಳನ್ನು ಮಾನಿಟರ್ ನೋಡಿಯೇ ಸರಿಪಡಿಸಬಹುದು. ದೂರವನ್ನು ಮಾತ್ರ ನಟರ ಎದುರು ನಿಂತೇ ತೀರ್ಮಾನಿಸಬೇಕು.

ಇಬ್ಬರ ಸಂಭಾಷಣೆಯಲ್ಲಿ ಒಬ್ಬರನ್ನು ತೆಗೆದ ಲೆನ್ಸ್ ಮತ್ತು ದೂರವನ್ನು ಬರೆದಿಟ್ಟುಕೊಂಡು ಇನ್ನೊಬ್ಬರಿಗೂ ಅದನ್ನೇ ಬಳಸುವುದು ರೂಢಿ. ಅಪ್ಪನನ್ನು ದೂರದಿಂದ, ಮಗನನ್ನು ಹತ್ತಿರದಿಂದ ತೆಗೆದರೆ ಇಬ್ಬರ ಮುಖವೂ ಒಂದೇ ಗಾತ್ರದಲ್ಲಿದ್ದರೂ ಪ್ರೇಕ್ಷಕರು ಮಗನ ಪಕ್ಕಕ್ಕೆ ಸರಿದಿರುತ್ತಾರೆ. ಬೇಕೆಂದೇ ಮಾಡಿದ್ದರೆ ಸರಿ, ಜಾಗ ಸಾಲದೆ ಹಾಗಾಗಿದ್ದರೆ ಸಂಕಲನಕಾರರು ಫೋನ್ ಮಾಡುತ್ತಾರೆ.